ಹೊಟ್ಟೆಯಲ್ಲಿ ಕಣ್ಣಿದ್ದ ಗಿಳಿಗಳು

ಅಲ್ಲ ಪುಟ್ಟಿ, ಅಂಗಡಿಯಿಂದ ತಂದದ್ದಲ್ಲ ಆ ಗಿಳಿ ಗೊಂಬೆ, ಅಂಗಡಿ ತೆರೆದಿದ್ರೆ ತಾನೇ ತರುವುದು? ನೀನು ಹುಟ್ಟುವಾಗ ಇಡೀ ಕಲ್ಕತ್ತಾ ಬೀಗ ಹಾಕಿ ಕೂತಿತ್ತು. ಆ ಕಾಯಿಲೆಯ ಕಾಲ, ಗೊತ್ತುಂಟಲ್ಲ, ಎಲ್ಲರ ಮೂಗಿಗೂ ಬಟ್ಟೆ. ನಮ್ಮ ಹೋಟೆಲಿನ ಶಟರ್ ಎಳೆದದ್ದು ಎಳೆದೇ ಇತ್ತು, ಉದ್ದಿನ ಬೇಳೆ ಮೂಟೆಗಟ್ಟಲೆ ಬಿದ್ದಿದೆ, ಇಡ್ಲಿ ತಿನ್ನುವವರಿಲ್ಲ. ಬೆಳಿಗ್ಗೆ ಉದ್ದಿನ ದೋಸೆ, ಮಧ್ಯಾಹ್ನ ಉದ್ದಿನ ಗೊಜ್ಜು, ರಾತ್ರಿ ಮತ್ತೆ ಉದ್ದು. ಆಗ ಒಂದು ಒಳ್ಳೇ ಕೆಲಸವೂ ಆಯ್ತು ಅನ್ನು. ಕೆಳಗಿನ ಮನೆಯ ಮಾಸಿಮಾ ಇದ್ದಾಳಲ್ಲ, ಇಪ್ಪತ್ತು ವರ್ಷದಿಂದ ನನಗಿಂತ ಚಿಕ್ಕವಳು ಅಂತ ಹೇಳ್ಕೊಂಡು ತಿರುಗಿದವಳು, ತಲೆಗೆ ಹಚ್ಚುವ ಬಣ್ಣ ಸಿಗಲಿಲ್ಲ ನೋಡು, ತಿಂಗಳೊಳಗೆ ತಲೆ ಬೆಳ್ಳಗೆ ಬಕಪಕ್ಷಿ! ಬಾಲ್ಕನಿಗೆ ಬರುವಾಗಲೂ ಸೆರಗು ಹೊದ್ದುಕೊಂಡು ಬರ್ತಿದ್ದಳು. ನಾನು ಮಾತ್ರ ಎಲ್ಲ ನೋಡಿದ್ದೇನೆ.

ಎಲ್ಲಿದ್ದೆ? ಹಾಂ, ನಿನ್ನ ಅಮ್ಮ. ಮೊದಲ ಬಾಣಂತನ ತಾಯಿ ಮನೆಯಲ್ಲಿ ಆಗಬೇಕು, ನಮ್ಮಲ್ಲಿ ಅದೇ ಕ್ರಮ. ಆದ್ರೆ ರೈಲಿಲ್ಲ, ವಿಮಾನ ಇಲ್ಲ, ಅವಳ ತಾಯಿ ಬೆಂಗಳೂರಲ್ಲಿ ಫೋನ್ ಹಿಡಿದು ಅಳುವುದು, ಇವಳು ಇಲ್ಲಿ ಲೇಕ್ ಗಾರ್ಡನ್ಸಲ್ಲಿ ಅಳುವುದು, ನಡುವೆ ನಾನು ಬಿಸಿನೀರು ಕಾಯಿಸುವುದು. ಅದರ ಮೇಲೆ ಆ ಮೊಬೈಲು. ಫೋನಲ್ಲ ಮಾರಾಯ್ತಿ, ತೊಟ್ಟಿಲ ಮೇಲೆ ಗೊಂಬೆ ತೂಗುಬಿಡ್ತಾರಲ್ಲ, ಅದಕ್ಕೂ ಮೊಬೈಲು ಅಂತಲೇ ಹೇಳುವುದಂತೆ. ಏಳನೇ ತಿಂಗಳಲ್ಲಿ ಚಿತ್ರ ತೋರಿಸಿದ್ದಳು, ತರಿಸೋಣ ಅತ್ತೆ ಅಂತ. ನಾನು, "ಮಗು ಹುಟ್ಟುವ ಮುಂಚೆ ಅದರ ಸಾಮಾನು ಮನೆಯೊಳಗೆ ತರಬಾರದು, ಆಮೇಲೆ ತಂದ್ರಾಯ್ತು" ಅಂದೆ. ಆಮೇಲೆ ಎಲ್ಲಿಂದ ತರುವುದು, ಬೀಗ ಬಿತ್ತಲ್ಲ! ನಾನು ಹೇಳಿದ್ದರಲ್ಲಿ ತಪ್ಪಿಲ್ಲ, ಈಗಲೂ ಅದನ್ನೇ ಹೇಳ್ತೇನೆ, ಬೀಗ ಬೀಳುವುದು ನನಗೆ ಕನಸಲ್ಲಿ ಕಂಡಿತ್ತಾ? ಆದ್ರೆ ನಿನ್ನ ಅಮ್ಮ ನನ್ನ ಹತ್ರ ಮಾತು ಬಿಟ್ಟಳು. ಊಟ ಇಟ್ರೆ ತಿನ್ನುವುದು, ತಟ್ಟೆ ಎತ್ತಿದ್ರೆ ಎದ್ದುಹೋಗುವುದು, ಬಾಯಿಂದ ಒಂದು ಶಬ್ದ ಇಲ್ಲ. ಗೋಡೆಗೆ ಹೇಳಿದ ಹಾಗೆ ನಿನ್ನ ಅಪ್ಪನಿಗೆ ಹೇಳಿದಳು, "ಟ್ರೈನ್ ಶುರುವಾದ ದಿನಾನೇ ಮಗು ಎತ್ಕೊಂಡು ಹೊರಟೆ ನಾನು. ವಾಪಸ್ ಬರೋದು ಆಮೇಲೆ ನೋಡೋಣ." ಆ ಮಾಸಿಮಾ ಮೆಟ್ಟಿಲಲ್ಲಿ ಕಿವಿ ಇಟ್ಟು ಕೇಳಿ, ಇಡೀ ಪಾಡಾಕ್ಕೆ, ಈ ಓಣಿಗೆಲ್ಲ ಸುದ್ದಿ ಮುಟ್ಟಿಸಿದಳು: ಇಡ್ಲಿಯವರ ಸೊಸೆ ಮಾತಾಡುವುದಿಲ್ಲ, ಮಗು ತಕ್ಕೊಂಡು ಓಡಿಹೋಗ್ತಾಳೆ!

ಆವಾಗ ಬಂತು ನೋಡು ಬಿರುಗಾಳಿ. ಮರ ಎಲ್ಲ ತಂತಿ ಮೇಲೆ ಮಲಗಿದವು, ಕರೆಂಟು ಹೋದದ್ದು ಬರಲೇ ಇಲ್ಲ. ಸೆಕೆ ಅಂದ್ರೆ ಸೆಕೆ. ನಾನು ಬೀಸಣಿಗೆಯಲ್ಲಿ ಬೀಸಿ ಬೀಸಿ ಕೈ ಬಿದ್ದುಹೋಯ್ತು, ನೀನು ಮಾತ್ರ ಬಾಯಿ ಮುಚ್ಚಲಿಲ್ಲ. ನಾನು ಅಂದೆ, ಸೈ, ಆ ಗೊಂಬೆ ನಾನೇ ಮಾಡ್ತೇನೆ, ಅದರಲ್ಲಿ ಎಂತ ದೊಡ್ಡ ವಿದ್ಯೆ ಉಂಟು. ಹಿಡಿಸೂಡಿ ಪೊರಕೆಯಿಂದ ಕಡ್ಡಿ ಎಳೆದೆ, ಹಳೇ ರವಿಕೆ ಕತ್ತರಿಸಿದೆ, ಹಸಿರು, ಕೆಂಪು, ಹಳದಿ, ಗಿಳಿ ಹೊಲಿದೆ. ಹೊಟ್ಟೆಗೆ ತುಂಬಲಿಕ್ಕೆ ಹತ್ತಿ ಎಲ್ಲಿಂದ? ಉದ್ದಿನ ಬೇಳೆ ಉಂಟಲ್ಲ! ಕಡ್ಡಿಗೆ ಕಟ್ಟಿದ್ರೆ ಒಂದು ಗಿಳಿ ಭಾರಕ್ಕೆ ನೆಲ ನೋಡ್ತದೆ, ಇನ್ನೊಂದು ಆಕಾಶಕ್ಕೆ ಹಾರ್ತದೆ. ಒಂದರ ಹೊಟ್ಟೆ ಬಿಚ್ಚಿ ಬೇಳೆ ತೆಗೆಯುವುದು, ಇನ್ನೊಂದಕ್ಕೆ ಹಾಕುವುದು, ಮತ್ತೆ ಹೊಲಿಯುವುದು. ಸಾಕೋ ಸಾಕಾಯ್ತು. ಅಂತೂ ಸಮ ಆಗಿ ನಿಂತವು. ಎತ್ತಿ ಹಿಡಿದು ನಿನ್ನ ಅಪ್ಪನಿಗೆ ತೋರಿಸ್ತಿದ್ದೇನೆ, ಹಿಂದಿನಿಂದ ಒಂದು ಸ್ವರ:

"ಅತ್ತೆ, ಪಾಪು ಮಲಗಿರೋದು ಕೆಳಗೆ. ಅದಕ್ಕೆ ಬರೀ ಹೊಟ್ಟೆ ಕಾಣ್ಸತ್ತೆ. ಕಣ್ಣು ಕೊಕ್ಕು ಯಾರಿಗೆ ತೋರ್ಸಕ್ಕೆ, ನಿಮಗಾ?"

ಮಾತಾಡಿದಳು! ಬೈದದ್ದೇ ಇರಲಿ, ಮಾತಾಡಿದಳಲ್ಲ! ನಾನು ಖುಷಿ ತೋರಿಸ್ತೇನಾ? "ಹೊಟ್ಟೆಯಲ್ಲಿ ಕಣ್ಣಿರುವ ಗಿಳಿ ಎಲ್ಲಿ ನೋಡಿದ್ದೀ ನೀನು?" ಅಂದೆ. "ಇಲ್ಲಿ ಕೊಡಿ" ಅಂತ ಸೂಜಿ ಕಿತ್ಕೊಂಡಳು. ಇಬ್ಬರೂ ಕಿಟಕಿಯ ಬೆಳಕಿಗೆ ಕೂತು ಗಿಳಿಗಳ ಹೊಟ್ಟೆಗೆ ಕಣ್ಣು ಹೊಲಿದೆವು, ಕಪ್ಪು ಗುಂಡಿ ಇಟ್ಟು. ಆದ್ರೆ ಅವಳ ಮುಖ ಇನ್ನೂ ಊದಿಕೊಂಡೇ ಇತ್ತು, ಊರಿಗೆ ಹೋಗುವ ಮಾತು ಹಿಂದೆ ತಕ್ಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಕಟ್ಟುವುದು ಎಲ್ಲಿಗೆ? ಹಳೇ ಕಟ್ಟಡ, ಗೋಡೆಗೆ ಮೊಳೆ ಇಳಿಯುವುದಿಲ್ಲ, ಚಾವಣಿಯಲ್ಲಿ ಇದ್ದ ಒಂದು ಕೊಕ್ಕೆಯಲ್ಲೂ ಫ್ಯಾನು ನೇತಾಡ್ತಿದೆ. ಫ್ಯಾನಿನ ರೆಕ್ಕೆಗೇ ಕಟ್ಟು ಅಂದೆ. ನಿನ್ನ ಅಪ್ಪ ಸ್ಟೂಲು ಹತ್ತಿ, "ಅಮ್ಮ, ಕರೆಂಟು ಬಂದ್ರೆ?" ಅಂತ ಕೇಳಿದ. "ಬರುವಾಗ ನೋಡುವ, ಕಟ್ಟು" ಅಂದೆ. ಕಟ್ಟಿದ. ಗಿಳಿಗಳು ಕಿಟಕಿ ಗಾಳಿಗೆ ಮೆಲ್ಲ ಮೆಲ್ಲ ತಿರುಗಿದವು, ನೀನು ಅಳು ನಿಲ್ಲಿಸಿ ಪಿಳಿಪಿಳಿ ನೋಡಿದೆ. ಆಮೇಲೆ ನಿನಗೆ ಹಸಿವಾಯ್ತು, ಅಮ್ಮ ನಿನ್ನನ್ನು ಎತ್ಕೊಂಡು ಮೂಲೆಗೆ ಹೋಗಿ ಕೂತಳು. ಅದು ದೇವರು ಮಾಡಿಸಿದ್ದು.

ಎಂತ, "ದೆನ್"? ಕನ್ನಡದಲ್ಲಿ ಕೇಳು, ಹೇಳ್ತೇನೆ. ಹಾಂ, ಆಮೇಲೆ ಕೆಳಗೆ ಓಣಿಯಿಂದ ಹೋ ಅಂತ ಬೊಬ್ಬೆ, "ಎಶೆಛೆ! ಎಶೆಛೆ!", ಬಂತು ಬಂತು ಅಂತ. ಎಂತ ಬಂತು ಅಂತ ನಾನು ಯೋಚನೆ ಮಾಡುವಷ್ಟರಲ್ಲಿ ಫ್ಯಾನು ಗರ್ರ್‌ ಅಂತು! ಕರೆಂಟು ಹೋಗುವಾಗ ಹಾಕಿದ್ದ ಸ್ವಿಚ್ಚು, ಯಾರೂ ಆರಿಸಿಲ್ಲ, ಅದೂ ಫುಲ್ಲಲ್ಲಿ. ಗಿಳಿಗಳು ನಿಜವಾಗಿ ಹಾರಿದವು ನೋಡು! ಒಂದು ದೇವರ ಫೋಟೋಕ್ಕೆ, ಒಂದು ನಿನ್ನ ಅಪ್ಪನ ಕೆನ್ನೆಗೆ, ಒಂದು ಕಿಟಕಿಯಿಂದ ಹೊರಗೆ. ಹೊಟ್ಟೆ ಒಡೆದು ಬೇಳೆ ಮಳೆ, ತಲೆ ಮೇಲೆ, ಹಾಸಿಗೆ ಮೇಲೆ, ಮದುವೆಯಲ್ಲಿ ಅಕ್ಷತೆ ಎರಚಿದ ಹಾಗೆ. ಮುಗೀತು, ಇನ್ನು ಇವಳು ನಡೆದೇ ಬೆಂಗಳೂರಿಗೆ ಹೋಗ್ತಾಳೆ ಅಂದ್ಕೊಂಡೆ.

ಬಾಗಿಲಲ್ಲಿ ಮಾಸಿಮಾ. ಒಂದು ಕೈಯಲ್ಲಿ ಕೆಂಪು ಗಿಳಿ, ಅದರ ಮೈಯೆಲ್ಲ ಸಾಸಿವೆ ಮಸಾಲೆ. "ದಿದಿ, ನಿಮ್ಮ ಹಕ್ಕಿ ಬಾಲ್ಕನಿಯಲ್ಲಿದ್ದ ನನ್ನ ಮೀನಿನ ಬಾಣಲೆಗೆ ಬಿತ್ತು! ಹೊಟ್ಟೆಯಲ್ಲಿ ಕಣ್ಣು ಬೇರೆ, ನಾನು ಹೆದರಿ ಸತ್ತೆ!" ಓಡಿ ಬರುವ ಗಡಿಬಿಡಿಯಲ್ಲಿ ಸೆರಗು ಜಾರಿತ್ತು, ಬಿಳಿ ತಲೆ ಫಳಫಳ. ನಿನ್ನ ಅಮ್ಮ ಮಾಸಿಮಾನ ತಲೆ ನೋಡಿದಳು, ನನ್ನ ತಲೆಯ ಮೇಲಿನ ಬೇಳೆ ನೋಡಿದಳು, ನಗಲಿಕ್ಕೆ ಶುರು ಮಾಡಿದಳು. ಆ ನಗು ನಿಲ್ಲಲಿಲ್ಲ ಪುಟ್ಟಿ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕು, "ಅತ್ತೆ, ನಾಮಕರಣದ ಅಕ್ಷತೆ ಇವತ್ತೇ ಆಗೋಯ್ತು, ಬನ್ನಿ ಗುಡಿಸೋಣ" ಅಂದಳು. ಮೂವರೂ ಸೇರಿ ಗುಡಿಸಿದೆವು. ಮಾಸಿಮಾ ಗುಡಿಸಿದ್ದು ಕಡಿಮೆ, ನಮ್ಮ ಅಡುಗೆಮನೆ ಇಣುಕಿದ್ದು ಜಾಸ್ತಿ.

ರೈಲು ಬಿಟ್ಟಾಗ ಹೋದಳಾ ಅಂತ ಕೇಳ್ತೀಯಾ? ಹೋದಳು. ನನ್ನನ್ನೂ ಕರ್ಕೊಂಡು ಹೋದಳು. ತಾಯಿಯ ಎದುರು ಆ ಕೆಂಪು ಗಿಳಿ ಹಿಡಿದು, "ನಾನೂ ಅತ್ತೇನೂ ಸೇರಿ ಮಾಡಿದ್ದು, ವಾಪಸ್ ಹೋಗಿ ಉಳಿದದ್ದು ಹೊಲೀಬೇಕು" ಅಂದಳು. ಬೀಗತಿ ಮೂಸಿ ನೋಡಿ, "ಮೀನು ವಾಸನೆ ಬರ್ತಿದೆಯಲ್ಲ" ಅಂದರು. ನಾನು ಸುಮ್ಮನಿದ್ದೆ, ನನ್ನ ಜನ್ಮದಲ್ಲಿ ಅದೊಂದು ಸಲ.

ಅದಕ್ಕೇ ಹೇಳುವುದು, ಕರೆಂಟು ಇಲ್ಲದಿದ್ರೂ ಸ್ವಿಚ್ಚು ಆರಿಸಿಡಬೇಕು. ಏಳು, ಬಚ್ಚಲಿನ ಲೈಟು ಹಾಕಿ ಬಂದದ್ದು ನೀನೇ ಅಲ್ವಾ?