ಅಧ್ಯಕ್ಷರ ಓಟಿಪಿ

ಕುವೈತಿನ ಮಂಗಫ್‌ನ ಬಸ್ ನಿಲ್ದಾಣದಲ್ಲಿ ಕನ್ನಡ ಕೇಳಿ ವೆಲಿಟಾ ತಿರುಗಿ ನೋಡಿದಳು. ಅಳಿಯನೊಬ್ಬ ತನ್ನ ಅತ್ತೆಯನ್ನು ಒತ್ತಾಯಿಸುತ್ತಿದ್ದ. ಅತ್ತೆ ತಮ್ಮ ಫೋನನ್ನು ಸೆರಗಿನಲ್ಲಿ ಬಿಗಿಹಿಡಿದಿದ್ದರು.

“ಓಟಿಪಿ ಹೇಳ್ಬಿಡಿ ಅತ್ತೆ. ಪಂಚಾಯ್ತಿ ಅಧ್ಯಕ್ಷರು ನೀವು, ನೀವು ಒಪ್ಪದೆ ಕೇಂದ್ರದ ಅನುದಾನ ಬಿಡುಗಡೆ ಆಗಲ್ವಂತೆ.”

“ನೀರಿನ ಟ್ಯಾಂಕ್ ಮುಗೀತಾ?”

“ಪಿಡಿಒ ಫೋಟೊ ಕಳ್ಸಿದ್ದಾರಲ್ಲ.”

“ನಾನು ಮಗಳ ಬಾಣಂತನಕ್ಕೆ ಊರಿಂದ ಹೊರಟಾಗ ಅಲ್ಲಿ ಬರೀ ಗುಂಡಿ ಇತ್ತು. ಹದಿನೈದು ದಿನಕ್ಕೆ ಟ್ಯಾಂಕೇ ಎದ್ದುಬಿಡ್ತಾ?”

“ಇವತ್ತೇ ಕಡೇ ದಿನ. ಖರ್ಚು ತೋರಿಸ್ದಿದ್ರೆ ದಿಲ್ಲಿಯೋರು ಮುಂದಿನ ಕಂತು ಕೊಡಲ್ಲ. ಊರೋರು ನಿಮ್ಮನ್ನೇ ಬೈಯೋದು.”

“ಬೈಲಿ. ನಾಳೆ ತನಿಖೆ ಆದ್ರೆ ಜೈಲಿಗೆ ನೀವು ಹೋಗ್ತೀರಾ?”

ಅವನ ಫೋನ್ ರಿಂಗಾಯಿತು. ಅತ್ತೆಯೇ ಕಸಿದುಕೊಂಡರು.

“ಪಿಡಿಒ ಸಾಹೇಬ್ರೇ, ಆ ಟ್ಯಾಂಕ್ ಪಕ್ಕ ನಿಂತ್ಕೊಂಡು ವಿಡಿಯೊ ಕಾಲ್ ಮಾಡಿ. ಆಗ ಹೇಳ್ತೀನಿ.”

ಆ ಕಡೆಯಿಂದ ನೆಪಗಳು ಶುರುವಾದವು. ಬಸ್ಸು ಬಂತು. ಅಳಿಯನ ಫೋನನ್ನು ಕಿವಿಯಿಂದ ತೆಗೆಯದೆ ಅತ್ತೆ ಹತ್ತಿದರು.