ಪಾಚಿ ಮತ್ತು ಜೋಳದ ನೆಂಟಸ್ತನ

ನವಲಗುಂದದ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಕಟ್ಟೆಯ ಮೇಲೆ ತಾಯಿ, ಮಗಳು ಕೂತಿದ್ದರು.

"ಗೌರೀಶನ ಮನ್ಯಾಗ ಏನಂದ್ರು, ಮಲ್ಲಿಕಾ?"

"ಜಾತಿ ಬ್ಯಾರೆ, ಲಗ್ನ ಆಗೂದಿಲ್ಲ ಅಂದ್ರು."

"ಅವ?"

"ತಲಿ ಬಗ್ಗಿಸಿ ಕುಂತಿದ್ದ."

"ಕಾಲೇಜಿನ್ಯಾಗ ಇಬ್ಬರೂ ಕೂಡಿ ಅದೇನು ಓದಿದ್ರಬೇ?"

"ಕೆರಿ ಪಾಚಿಯಾಗ ವಂಶದ ಗುಣ ಹೊರೂ ಜೀನು ಒಂದ ಇತ್ತು; ಅದು ಜೋಳದಾಗ, ಹತ್ತಿಯಾಗ ದೊಡ್ಡ ಮನೆತನ ಆಗಿ ಬೆಳದೈತಿ. ಅದನ್ನ ಇಬ್ಬರೂ ಕೂಡಿ ಬರದೇವಿ."

"ಪಾಚಿಗೂ ಜೋಳಕ್ಕೂ ಸಂಬಂಧ ಐತೇನು?"

"ಐತಿ, ಯವ್ವಾ. ಗೌರೀಶನ ಅಪ್ಪಗೂ ಹೇಳಿದೆ. 'ಅದು ಗಿಡಗಂಟಿ ಮಾತು, ಮನುಷ್ಯಾರ ಮಾತಲ್ಲ' ಅಂದ್ರು."

"ಗೌರೀಶ ಆಗೂ ಸುಮ್ಮನ ಇದ್ದನೇನು?"

"ಇಲ್ಲ. ಅಪ್ಪನ ಮಾತಿಗೆ 'ಹೌದಪ್ಪ' ಅಂದ."

ಮೊರಬದ ಬಸ್ಸು ಬಂತು. ತಾಯಿ ಮಗಳ ಚೀಲ ತಾನೇ ಎತ್ತಿಕೊಂಡು ಮುಂದೆ ನಡೆದಳು.