ಕೈ ಎಟಕುವ ಎತ್ತರ

ಒಂದೇ ಬದಿಯ ಮಾತು ಕೇಳಿ ಇನ್ನೊಬ್ಬರ ಸಂಸಾರದ ಕತೆ ಹೇಳುವುದು ಸರಿಯಲ್ಲ. ಓದುವವರು ಕ್ಷಮಿಸಬೇಕು, ಹೇಳದೆ ಇರಲಾಗಲಿಲ್ಲ. ಅಂದು ಶುಕ್ರವಾರದ ರಜೆ. ಕೊಲ್ಲಿ ದೇಶದ ಫಿಂಟಾಸಿನ ಹೊಸ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಅರ್ಧ ಮುಗಿದ ಕಪಾಟಿನ ಪಕ್ಕ ನೆಲದ ಮೇಲೆ ಕುಳಿತು ಸೇಸಪ್ಪ ಊರಿನಲ್ಲಿ ಹೊಲಿಗೆ ಅಂಗಡಿ ನಡೆಸುವ ಹೆಂಡತಿಗೆ ಕರೆ ಮಾಡಿದ.

“ಹಲೋ... ಯಾರು ಮಾತಾಡೋದು? ಆಶಾಲತಾನಾ? ... ಅಲ್ಲ, ಸ್ವರ ಬೇರೆ ಕೇಳಿತು. ... ಹಾಂ. ಬಾಯಲ್ಲಿ ಗುಂಡುಸೂಜಿ ಇಟ್ಕೊಂಡು ಮಾತಾಡಬೇಡ ಅಂತ ಎಷ್ಟು ಸಲ ಹೇಳೋದು ಮಾರಾಯ್ತಿ.”

...

“ಗಿರಾಕಿ ಇದ್ದಾರಾ? ... ಹಾಗಾದ್ರೆ ಎರಡೇ ನಿಮಿಷ. ... ವೀಸಾದ ವಿಷಯ ಅಲ್ಲ. ಅಲ್ಲ ಅಂದೆನಲ್ಲ. ಕಪಾಟಿನ ವಿಷಯ.”

ಅವಳಿಗೆ ವೀಸಾ ಬಂದಿತ್ತು. ಅಂಗಡಿ ಮುಚ್ಚಿ ಬರುತ್ತೇನೆಂದು ಅವಳು ಹೇಳಿರಲಿಲ್ಲ, ಬರುವುದಿಲ್ಲವೆಂದೂ ಹೇಳಿರಲಿಲ್ಲ. ನೇರವಾಗಿ ಕೇಳಲು ಅವನಿಗೆ ಹೆದರಿಕೆ.

“ಗೋಡೆಗೆ ತೂಗುಹಾಕೋದು. ಸಿಂಕಿನ ಮೇಲೆ. ... ಬರೀ ಸ್ಕ್ರೂ ಹೊಡೆದು ಮೂಲೆ ಕೂಡಿಸ್ಬಹುದಿತ್ತು, ರೋಕ್ ಬಿಡ್ಲಿಲ್ಲ. ... ಸಬ್ಹಾನ್‌ನಲ್ಲಿ ಮರದ ಕೆಲಸ ಮಾಡ್ತಾನಲ್ಲ, ಅವನೇ. ಪಾತ್ರೆಯ ಭಾರಕ್ಕೆ ಸ್ಕ್ರೂ ಸಡಿಲ ಆಗ್ತದಂತೆ. ಎರಡು ಹಲಗೆಗೂ ಕಚ್ಚು ಕೊಯ್ದು, ಬೆರಳಿಗೆ ಬೆರಳು ಸಿಕ್ಕಿಸಿದ ಹಾಗೆ ಕೂಡಿಸು ಅಂದ. ... ಹೌದು, ಸ್ವಲ್ಪ ಸಂದು ಉಳಿದಿದೆ. ... ನಗು, ನಗು. ನಿನ್ನ ಹೊಲಿಗೆಯ ಹಾಗೆ ಬಿಚ್ಚಿ ಪುನಃ ಹಾಕ್ಲಿಕ್ಕೆ ಆಗ್ತದಾ ಇದು?”

...

“ಗೋಡೆಯಾ? ಒಳಗೆ ಟೊಳ್ಳು ಬ್ಲಾಕ್, ಮೊಳೆ ನಿಲ್ಲುದಿಲ್ಲ. ಒಳಗೆ ಹೋಗಿ ಅರಳುವ ಬೋಲ್ಟ್ ಉಂಟು. ಒಂದು ಮರದ ರೀಪನ್ನು ಉದ್ದಕ್ಕೆ ಓರೆಯಾಗಿ ಸೀಳಿ, ಅರ್ಧ ಗೋಡೆಗೆ, ಅರ್ಧ ಕಪಾಟಿನ ಬೆನ್ನಿಗೆ. ಎತ್ತಿ ಅದರ ಮೇಲೆ ಕೂರಿಸುದು, ಅಷ್ಟೇ. ... ಹಾಂ, ಬೇಡವಾದ್ರೆ ಎತ್ತಿ ತೆಗೀಬಹುದು. ... ಬೇಡವಾದ್ರೆ ಅಂದೆ. ಬೇಡ ಅಂತ ಅಲ್ಲ.”

...

“ಆದ್ರೆ ರೀಪು ಎಲ್ಲಿ ಹೊಡೀಬೇಕು ಅಂತ ಗೊತ್ತಾಗ್ಲಿಲ್ಲ. ... ಎತ್ತರ. ರೋಕ್ ಕೇಳಿದ, ನಿನ್ನ ಹೆಂಡತಿಯ ಕೈ ಎಲ್ಲಿಗೆ ಎಟಕ್ತದೆ ಅಂತ.”

ರೋಕ್ ಕೇಳಿದಾಗ ಸೇಸಪ್ಪ ಕೈಯನ್ನು ತನ್ನ ಭುಜದ ಮಟ್ಟಕ್ಕೆ ಹಿಡಿದಿದ್ದ. ಆಮೇಲೆ ಕಿವಿಯ ಮಟ್ಟಕ್ಕೆ ಎತ್ತಿದ್ದ. ಕೊನೆಗೆ ಇಳಿಸಿಬಿಟ್ಟಿದ್ದ. ಮದುವೆಯಾದಂದಿನಿಂದ ಗಂಡ ಹೆಂಡತಿ ಒಟ್ಟಿಗಿದ್ದದ್ದು ಅವನ ರಜೆಗಳಲ್ಲಿ ಮಾತ್ರ.

“ನನ್ನ ಎತ್ತರಕ್ಕೆ ಹೊಡೆದ್ರೆ ಅದು ನನಗೆ ಮಾತ್ರ ಆಯ್ತು, ಅಲ್ವಾ? ... ಆಶಾ, ಕೊರಳಲ್ಲೇ ಟೇಪ್ ಉಂಟಲ್ಲ. ಗೋಡೆಗೆ ತಾಗಿ ನಿಂತು ಕೈ ಎತ್ತು. ನೆಲದಿಂದ ಬೆರಳ ತುದಿಗೆ. ... ಇಂಚಿನಲ್ಲಿ ಹೇಳಿದ್ರೆ ಸಾಕು. ... ಫೋನ್ ಮಿಷನ್ ಮೇಲಿಡು, ನಾನು ಕಾಯ್ತೇನೆ.”

...

“ಆಶಾ? ... ಅಳೀತಾ ಇದ್ದೀಯಾ? ... ಹಲೋ...”

ಕರೆ ಕಡಿಯಿತು. ಗುರುತು ಹಾಕಲೆಂದು ಎದ್ದಿದ್ದ ಅವನು ಪೆನ್ಸಿಲ್ ಹಿಡಿದುಕೊಂಡು ಗೋಡೆಯ ಹತ್ತಿರವೇ ನಿಂತಿದ್ದ. ಅಲ್ಲಿ ಅವಳು ಗೋಡೆಗೆ ತಾಗಿ ನಿಂತು ಕೈ ಎತ್ತಿದ್ದಳೋ, ಫೋನಿಟ್ಟು ಹೊಲಿಯಲು ಕುಳಿತಿದ್ದಳೋ, ಗೊತ್ತಿಲ್ಲ.